ಸಂತೆಯ ಭೂಗೋಳವೂ ನಾಡಿನ ಎಲ್ಲೆಯೂ: ಪ್ರೊಫೆಸರ್ ಸಿ. ಡಿ. ದೇಶಪಾಂಡೆಯವರ ವಿದ್ವತ್ಕಾರ್ಯ

ಕನ್ನಡನಾಡಿನ ಎಲ್ಲೆಯನ್ನು ಮೊದಲು ಗುರುತಿಸಿದವರು ಕವಿಗಳು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿ ಗೋದಾವರಿಗಳ ನಡುವಣ ನೆಲವನ್ನು ಕನ್ನಡದ ನಾಡೆಂದು ಹೇಳಿತು. ಅನಂತರ ಎಲ್ಲೆಯನ್ನು ಬರೆದವರು ಅರಸರೂ ಅವರ ಅಧಿಕಾರಿಗಳೂ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹರಿದು ಹಂಚಿಹೋಗಿದ್ದ ನಾಡನ್ನು ಮತ್ತೆ ಒಂದುಗೂಡಿಸಬೇಕೆಂಬ ಹಂಬಲವು ಹುಟ್ಟಿದಾಗ, ಆ ಹಂಬಲಕ್ಕೆ ಆಧಾರವನ್ನೊದಗಿಸಿದವು ಇತಿಹಾಸ ಮತ್ತು ಸಾಹಿತ್ಯಗಳು; ೧೯೧೭ರಲ್ಲಿ ಪ್ರಕಟವಾದ ಆಲೂರ ವೆಂಕಟರಾಯರ ಕರ್ನಾಟಕ ಗತವೈಭವವು ಇದಕ್ಕೆ ನಿದರ್ಶನವಾಗಿದೆ. ಆದರೆ ನಾಡನ್ನು ಅಳೆಯುವುದಕ್ಕೆ ಕವಿಯ ಮಾತು, ಅರಸನ ಆಜ್ಞೆ ಇವೆರಡೂ ಅಲ್ಲದ ಮೂರನೆಯ ಮಾನವೊಂದುಂಟು. ಒಕ್ಕಲಿಗನು ವಾರಕ್ಕೊಮ್ಮೆ ಹೊರೆಯನ್ನು ಹೊತ್ತು ಯಾವ ಊರಿಗೆ ನಡೆದುಹೋಗುವನು, ಅಲ್ಲಿಂದ ಏನನ್ನು ಕೊಂಡು ಮರಳುವನು, ಅವನು ಮಾರಿದ ಕಾಳು ಮುಂದೆ ಯಾವ ದಾರಿಯನ್ನು ಹಿಡಿಯುವುದು ಎಂಬ ಪ್ರಶ್ನೆಗಳಿಂದ ಹೊರಡುವ ಮಾನವದು. ಈ ಪ್ರಶ್ನೆಗಳನ್ನು ಶಾಸ್ತ್ರೀಯವಾಗಿ ಕೇಳುವ ವಿದ್ಯೆಗೆ ಆರ್ಥಿಕ ಭೂಗೋಳವೆಂದು ಹೆಸರು. ಕನ್ನಡ ನೆಲದ ವಿಷಯದಲ್ಲಿ ಅವನ್ನು ಕೇಳಿದ ಮೊದಲಿಗರಲ್ಲಿ ಪ್ರೊಫೆಸರ್ ಸಿ. ಡಿ. ದೇಶಪಾಂಡೆಯವರು ಪ್ರಮುಖರು. ಅವರ ವಿದ್ವತ್ಕಾರ್ಯವನ್ನು ಪರಿಶೀಲಿಸಿ, ಅದು ಎಲ್ಲಿಯವರೆಗೆ ಸಾಗಿತು, ಎಲ್ಲಿ ನಿಂತಿತು, ನಿಂತುದಕ್ಕೆ ಕಾರಣವೇನು ಎಂಬುದನ್ನು ನಿರ್ಣಯಿಸುವುದೇ ಈ ಲೇಖನದ ಉದ್ದೇಶವು.

ದೇಶಪಾಂಡೆಯವರು ಬರೆಯತೊಡಗಿದ ಕಾಲಕ್ಕೆ ಭೂಗೋಳವು ಭಾರತದ ವಿದ್ಯಾಲಯಗಳಲ್ಲಿ ಇನ್ನೂ ಎಳೆಯ ವಿದ್ಯೆಯಾಗಿದ್ದಿತು. ಶಾಲೆಯಲ್ಲಿ ಭೂಗೋಳವೆಂದರೆ ನದಿ, ಪರ್ವತ, ರಾಜಧಾನಿಗಳ ಹೆಸರುಗಳನ್ನು ಬಾಯಿಪಾಠ ಮಾಡುವುದೆಂದೇ ಜನರು ತಿಳಿದಿದ್ದರು. ದಕ್ಷಿಣದಲ್ಲಿ ಈ ಭಾವನೆಯನ್ನು ತಿದ್ದಲು ಯತ್ನಿಸಿದ ಸಂಸ್ಥೆಗಳಲ್ಲಿ ೧೯೨೬ರಲ್ಲಿ ಸ್ಥಾಪಿತವಾದ ಮದರಾಸು ಭೂಗೋಳ ಸಂಘವು ಮುಖ್ಯವಾದುದು. ಆ ಸಂಘದ ಪತ್ರಿಕೆಯು ೧೯೪೧ರಲ್ಲಿ ಇಂಡಿಯನ್ ಜಿಯಾಗ್ರಫಿಕಲ್ ಜರ್ನಲ್ ಎಂಬ ಹೊಸ ಹೆಸರನ್ನು ತಳೆಯಿತು. ಹೊಸ ಹೆಸರಿನ ಆ ಮೊದಲ ವರ್ಷದಲ್ಲಿಯೇ ದೇಶಪಾಂಡೆಯವರ ಒಂದು ಲೇಖನವು ಅದರಲ್ಲಿ ಅಚ್ಚಾಯಿತು. ಮುಂಬಯಿ ಕರ್ನಾಟಕದ ಸಂತೆಯ ಊರುಗಳು ಮತ್ತು ನಿಯತಕಾಲದ ಜಾತ್ರೆಗಳು ಎಂಬುದು ಅದರ ವಿಷಯ. ಮರುವರ್ಷ, ೧೯೪೨ರಲ್ಲಿ, ಅದೇ ಪ್ರಾಂತದ ಜನವಸತಿಯ ಬಗೆಗಳನ್ನು ಕುರಿತ ಇನ್ನೊಂದು ಲೇಖನವು ಅದೇ ಪತ್ರಿಕೆಯಲ್ಲಿ ಬಂದಿತು. ಇವೆರಡನ್ನೂ ಅವರು ಇಂಗ್ಲಿಷಿನಲ್ಲಿ ಬರೆದರು.

ಸಂತೆಯೆಂಬ ವಸ್ತುವು ಮೇಲ್ನೋಟಕ್ಕೆ ಅಲ್ಪವಾದುದು. ಸಾಮ್ರಾಜ್ಯಗಳ ಏಳುಬೀಳುಗಳನ್ನು ಬರೆಯುವ ಇತಿಹಾಸಕಾರನು ಅದರ ಕಡೆಗೆ ಕಣ್ಣೆತ್ತಿಯೂ ನೋಡನು. ಹತ್ತಿಯ ಗಿರಣಿ, ಬಂದರು, ರೈಲುಗಳನ್ನು ಎಣಿಸುವ ಅರ್ಥಶಾಸ್ತ್ರಜ್ಞನಿಗೆ ಅದು ಕಳೆದುಹೋದ ಕಾಲದ ಅವಶೇಷವಾಗಿ ತೋರುವುದು. ಆದರೆ ಕನ್ನಡ ಭಾಷೆಯು ಅದನ್ನು ಅಲ್ಪವೆಂದು ಎಂದೂ ಎಣಿಸಿಲ್ಲ. ಸಂತೆಯ ಸುಂಕವನ್ನು ದೇವರಿಗೆ ಬಿಟ್ಟ ಸಂಗತಿಯು ನಮ್ಮ ಶಾಸನಗಳಲ್ಲಿ ಬರುವುದು. ವಚನಕಾರರಿಗೆ ಸಂತೆಯು ಸಂಸಾರದ ಉಪಮಾನವಾಯಿತು. ಕೊಡಗಿನ ಸೋಮವಾರಪೇಟೆ, ಶನಿವಾರಸಂತೆ ಎಂಬ ಊರುಗಳು ಸಂತೆಯ ವಾರವನ್ನೇ ತಮ್ಮ ಹೆಸರನ್ನಾಗಿ ಮಾಡಿಕೊಂಡಿವೆ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದನೆಂಬ ಗಾದೆಯಲ್ಲಿ ಆತುರಗಾರನ ಪರಿಹಾಸ್ಯವಿರುವಂತೆಯೇ ಆರ್ಥಿಕ ಸತ್ಯವೊಂದೂ ಅಡಗಿದೆ: ನೇಕಾರನ ಮಗ್ಗದ ವೇಗವನ್ನು ನಿಯಮಿಸುವುದು ಸಂತೆಯ ದಿನವು. ಹಳ್ಳಿಯ ಉತ್ಪಾದನೆ, ಸಾಲ, ಕೂಲಿಯ ಬಟವಾಡೆ, ಸಂಬಂಧಗಳ ಮಾತುಕತೆ ಇವೆಲ್ಲವೂ ಆ ಒಂದು ದಿನದ ಸುತ್ತ ಹೆಣೆದುಕೊಂಡಿರುವುವು.

ಸಂತೆಯು ವಾರಕ್ಕೊಮ್ಮೆ ಮಾತ್ರ ಏಕೆ ನೆರೆಯಬೇಕು? ನಿತ್ಯದ ಅಂಗಡಿಯು ಬದುಕಬೇಕಾದರೆ ಅದಕ್ಕೆ ನಿತ್ಯವೂ ಇಷ್ಟು ಗಿರಾಕಿಗಳೆಂಬ ಕನಿಷ್ಠ ಪ್ರಮಾಣವೊಂದು ಬೇಕು. ಕೊಳ್ಳುವವನಾದರೋ ಒಂದು ಮಿತಿಯನ್ನು ಮೀರಿ ದೂರ ನಡೆಯಲಾರನು. ಆ ಮಿತಿಯೊಳಗಿನ ಹಳ್ಳಿಗಳ ಕೊಳ್ಳುವ ಶಕ್ತಿಯೆಲ್ಲವೂ ಸೇರಿದರೂ ನಿತ್ಯದ ಅಂಗಡಿಗೆ ಸಾಲದಿದ್ದಾಗ, ಎರಡು ಉಪಾಯಗಳು ಒಟ್ಟಿಗೆ ಹುಟ್ಟುವುವು. ಕೊಳ್ಳುವವರು ತಮ್ಮ ಏಳು ದಿನಗಳ ಬೇಡಿಕೆಯನ್ನು ಒಂದೇ ದಿನಕ್ಕೆ ಕೂಡಿಡುವರು. ಮಾರುವವನು ಸೋಮವಾರ ಒಂದು ಊರು, ಮಂಗಳವಾರ ಇನ್ನೊಂದು ಊರು ಎಂದು ತಿರುಗುತ್ತ ಏಳು ಊರುಗಳ ಬೇಡಿಕೆಯನ್ನು ತನ್ನೊಬ್ಬನಿಗೆ ಕೂಡಿಸಿಕೊಳ್ಳುವನು. ಹೀಗೆ ನೆರೆಹೊರೆಯ ಸಂತೆಗಳು ಬೇರೆಬೇರೆ ವಾರಗಳನ್ನು ಹಿಡಿದು ಒಂದರ ಹಾದಿಗೊಂದು ಅಡ್ಡಬಾರದಂತೆ ಚಕ್ರವಾಗಿ ಏರ್ಪಡುವುವು. ಈ ಏರ್ಪಾಟನ್ನು ಯಾವ ಸರಕಾರವೂ ಮೊದಲು ಕಾಗದದ ಮೇಲೆ ಬರೆದು ಜಾರಿಗೆ ತಂದುದಲ್ಲ; ತಲೆಮಾರುಗಳ ನಡಿಗೆಯಿಂದ ನೆಲದ ಮೇಲೆ ಮೂಡಿದುದು. ಒಂದು ಸೀಮೆಯ ಸಂತೆಗಳನ್ನು ವಾರಸಹಿತವಾಗಿ ನಕ್ಷೆಯ ಮೇಲೆ ಗುರುತಿಸಿದರೆ, ಆ ಸೀಮೆಯ ಜನರ ಬಡತನ ಸಿರಿತನಗಳೂ ದಾರಿಗಳ ಸ್ಥಿತಿಯೂ ಬೆಳೆಗಳ ಸ್ವರೂಪವೂ ಒಮ್ಮೆಗೇ ಕಣ್ಣಿಗೆ ಬೀಳುವುವು.

ಜಾತ್ರೆಯೂ ಇದೇ ತತ್ತ್ವದ ಇನ್ನೊಂದು ರೂಪವು. ಸಂತೆಯು ವಾರದ ಗಡಿಯಾರವಾದರೆ ಜಾತ್ರೆಯು ವರ್ಷದ ಗಡಿಯಾರವು. ಉಪ್ಪು, ಮೆಣಸಿನಕಾಯಿ, ಬಟ್ಟೆಗಳ ಬೇಡಿಕೆಯು ಒಂದು ವಾರದಲ್ಲಿ ಕೂಡಿಬರುವುದು. ಎತ್ತು, ಬಂಡಿಯ ಗಾಲಿ, ಹಿತ್ತಾಳೆಯ ಪಾತ್ರೆ ಮೊದಲಾದವುಗಳ ಬೇಡಿಕೆಯು ಕೂಡಿಬರಲು ಒಂದು ವರ್ಷವೇ ಬೇಕು. ಬನಶಂಕರಿ, ಸವದತ್ತಿ ಮೊದಲಾದ ಕ್ಷೇತ್ರಗಳ ಜಾತ್ರೆಗಳಿಗೆ ದೂರದ ಜಿಲ್ಲೆಗಳಿಂದ ಜನರು ಬರುವುದು ಭಕ್ತಿಯಿಂದಲೇ ಆದರೂ, ಭಕ್ತಿಯು ಕಟ್ಟಿದ ಆ ನೆರವಿಯಲ್ಲಿ ವ್ಯಾಪಾರವೂ ಬೀಡುಬಿಡುವುದು. ಸಂತೆಯ ಊರನ್ನೂ ಜಾತ್ರೆಯನ್ನೂ ಒಂದೇ ಲೇಖನದ ವಿಷಯವನ್ನಾಗಿ ದೇಶಪಾಂಡೆಯವರು ಜೋಡಿಸಿದುದರಲ್ಲಿ ವಿಷಯದ ಮರ್ಮವನ್ನು ಬಲ್ಲವರ ದೃಷ್ಟಿಯು ಕಾಣುವುದು.

ಈ ಕಾರ್ಯದ ಬೆಲೆಯನ್ನು ತಿಳಿಯಲು ಹೊರಲೋಕದ ಕಾಲಗಣನೆಯೊಡನೆ ಅದನ್ನು ಹೋಲಿಸಬೇಕು. ಊರುಗಳು ತಮ್ಮ ಸುತ್ತಲಿನ ಪ್ರದೇಶಕ್ಕೆ ಒದಗಿಸುವ ಸೇವೆಗಳಿಗೆ ಅನುಗುಣವಾಗಿ ಮೇಲುಕೀಳಾಗಿ ಏರ್ಪಡುವುವೆಂಬ ಸಿದ್ಧಾಂತವನ್ನು ಜರ್ಮನಿಯ ವಾಲ್ಟರ್ ಕ್ರಿಸ್ಟಾಲರನು ದಕ್ಷಿಣ ಜರ್ಮನಿಯ ಊರುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದುದು ೧೯೩೩ರಲ್ಲಿ. ಆ ಗ್ರಂಥದ ಇಂಗ್ಲಿಷ್ ಅನುವಾದವು ಪುಸ್ತಕರೂಪದಲ್ಲಿ ಹೊರಬಿದ್ದುದು ೧೯೬೬ರಲ್ಲಿ. ತಿರುಗುವ ಸಂತೆಗಳ ತತ್ತ್ವವನ್ನು ಕೊರಿಯಾದೇಶದ ಉದಾಹರಣೆಯಿಂದ ಸ್ಟೈನನು ವಿವರಿಸಿದುದು ೧೯೬೨ರಲ್ಲಿ. ಚೀನದ ಹಳ್ಳಿಗಾಡಿನ ಸಂತೆಗಳನ್ನು ಕುರಿತು ವಿಲಿಯಂ ಸ್ಕಿನ್ನರನ ಪ್ರಸಿದ್ಧ ಲೇಖನಮಾಲೆಯು ಪ್ರಕಟವಾದುದು ೧೯೬೪–೬೫ರಲ್ಲಿ. ಹಳ್ಳಿಯೊಂದೇ ರೈತನ ಲೋಕವಲ್ಲ, ಸಂತೆಯ ಆವರಣವೇ ಅವನ ನಿಜವಾದ ಲೋಕವೆಂಬ ಅವನ ನಿರ್ಣಯವು ಸಮಾಜಶಾಸ್ತ್ರಜ್ಞರನ್ನು ಬೆರಗುಗೊಳಿಸಿತು. ಮುಂಬಯಿ ಕರ್ನಾಟಕದ ಸಂತೆಗಳನ್ನು ಕುರಿತ ಲೇಖನವು ಇವೆರಡಕ್ಕೂ ಎರಡು ದಶಕಗಳಷ್ಟು ಹಿಂದಿನದು. ಅದು ಸಿದ್ಧಾಂತದ ಗ್ರಂಥವಲ್ಲ, ಒಂದು ಪ್ರಾಂತದ ಅಧ್ಯಯನವು; ಆದರೂ ಮುಂದೆ ಜಗತ್ತಿನ ನಾನಾ ಭಾಗಗಳ ಸಂತೆಗಳನ್ನು ಅಭ್ಯಸಿಸಿದ ವಿದ್ವಾಂಸರು ಅದನ್ನು ಮೊದಲ ಯತ್ನಗಳಲ್ಲಿ ಒಂದೆಂದು ಉಲ್ಲೇಖಿಸಿರುವರು.

ಇನ್ನು ಆ ಕಾರ್ಯದ ಮೇರೆಯನ್ನು ನೋಡಬೇಕು. ಮುಂಬಯಿ ಕರ್ನಾಟಕವೆಂದರೆ ಮುಖ್ಯವಾಗಿ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು. ಆ ಹೆಸರಿನ ಪ್ರದೇಶವನ್ನು ನಿರ್ಮಿಸಿದುದು ಭೂಮಿಯ ಗುಣವಲ್ಲ, ಬ್ರಿಟಿಷ್ ಆಡಳಿತದ ವಿಭಾಗಕ್ರಮವು. ವಿಜಾಪುರದ ಎರೆಭೂಮಿಯು ಪೂರ್ವಕ್ಕೆ ಹರಡಿ ಕಲಬುರಗಿಯ ಎರೆಭೂಮಿಯೊಡನೆ ಒಂದಾಗುವುದು. ಭೀಮಾನದಿಯ ಎರಡು ದಡಗಳ ಜೋಳಕ್ಕೂ ಬೇರೆಬೇರೆ ಜಾತಿಯಿಲ್ಲ. ಆದರೆ ೧೯೪೧ರ ನಕ್ಷೆಯಲ್ಲಿ ಆಚೆಯದು ನಿಜಾಮರ ರಾಜ್ಯವು. ನೆಲದ ಒಕ್ಕಟ್ಟನ್ನು ಕಾಣಲೆಳಸಿದ ವಿದ್ಯೆಯೇ ತನ್ನ ಸಾಮಗ್ರಿಗಾಗಿ ಸರಕಾರದ ಎಲ್ಲೆಯನ್ನು ನೆಚ್ಚಬೇಕಾಯಿತು. ಏಕೆಂದರೆ ಜನಗಣತಿ, ಗ್ಯಾಸೆಟಿಯರು, ಕಂದಾಯದ ಲೆಕ್ಕಪತ್ರಗಳೆಲ್ಲವೂ ಆ ಎಲ್ಲೆಯಲ್ಲಿಯೇ ನಿಲ್ಲುತ್ತಿದ್ದುವು. ಇದು ದೇಶಪಾಂಡೆಯವರ ದೋಷವಲ್ಲ, ಆ ಕಾಲದ ವಿದ್ಯೆಯ ಕಟ್ಟು. ಈ ಕಟ್ಟಿನ ಪರಿಣಾಮವು ಎಂತಹುದೆಂಬುದನ್ನು ಎಲ್ಲೆಯಾಚೆಯ ಒಂದು ಊರಿನಿಂದ ನೋಡಿದರೆ ಸ್ಪಷ್ಟವಾಗುವುದು.

ಬೀದರ ಜಿಲ್ಲೆಯಲ್ಲಿ, ಹುಮನಾಬಾದಿಗೆ ಪೂರ್ವದಲ್ಲಿ, ಚಿಟಗುಪ್ಪದ ಸೀಮೆಯಲ್ಲಿ ನಿರ್ಣಾ ಎಂಬ ಊರಿದೆ. ಅದಕ್ಕೆ ಪಶ್ಚಿಮದಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ, ಉತ್ತರದಲ್ಲಿ ಬಹಮನಿಯರ ಬೀದರ. ಕರಿಯ ಅಗ್ನಿಶಿಲೆಯ ಮೇಲೆ ಜಂಬಿಟ್ಟಿಗೆಯ ಕೆಂಪು ಹೊದಿಕೆಯನ್ನು ಹೊದ್ದ ಎತ್ತರದ ನೆಲವಿದು. ಹೊದಿಕೆಯು ಸವೆದುಹೋದೆಡೆಯಲ್ಲೆಲ್ಲ ಎರೆಮಣ್ಣು ಕಾಣಿಸಿಕೊಳ್ಳುವುದು. ಜೋಳ, ತೊಗರಿ, ಹೆಸರು, ಉದ್ದು, ಕಡಲೆಗಳು ಈ ಸೀಮೆಯ ಬೆಳೆಗಳು. ಜಿಲ್ಲೆಯ ಉತ್ತರಭಾಗದ ನೀರು ಕಾರಂಜಾ, ಮಾಂಜರಾ ನದಿಗಳ ಮೂಲಕ ಗೋದಾವರಿಯನ್ನು ಸೇರುವುದು. ದಕ್ಷಿಣದ ಮುಲ್ಲಾಮಾರಿಯ ನೀರು ಕಾಗಿಣಾ, ಭೀಮಾ ನದಿಗಳ ಮೂಲಕ ಕೃಷ್ಣೆಯನ್ನು ಸೇರುವುದು. ಕವಿರಾಜಮಾರ್ಗವು ನಾಡಿನ ಉತ್ತರದ ಮೇರೆಯಾಗಿ ಹೆಸರಿಸಿದ ಗೋದಾವರಿಗೆ ಇಂದಿನ ಕರ್ನಾಟಕದಿಂದ ನೀರನ್ನು ಕಳುಹಿಸುವುದು ಮುಖ್ಯವಾಗಿ ಈ ಒಂದು ಜಿಲ್ಲೆಯೇ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯೂ ಬೀದರದಿಂದ ಕಲಬುರಗಿಗೆ ಹೋಗುವ ದಾರಿಯೂ ಹುಮನಾಬಾದಿನಲ್ಲಿ ಒಂದನ್ನೊಂದು ಕೂಡುವುವು. ಆ ಊರಿನ ವೀರಭದ್ರೇಶ್ವರನ ಜಾತ್ರೆಯು ಸುತ್ತಲಿನ ಸೀಮೆಯಲ್ಲೆಲ್ಲ ಪ್ರಸಿದ್ಧವಾದುದು. ಆರ್ಥಿಕ ಭೂಗೋಳಜ್ಞನಿಗೆ ಇದಕ್ಕಿಂತ ಫಲವತ್ತಾದ ಕ್ಷೇತ್ರವು ದೊರೆಯುವುದು ಕಷ್ಟ.

ಆದರೆ ೧೯೪೧ರಲ್ಲಿ ಈ ಕ್ಷೇತ್ರವು ಧಾರವಾಡದ ವಿದ್ವಾಂಸನ ನಕ್ಷೆಯಿಂದ ಹೊರಗಿದ್ದಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು ೧೯೧೭ರಲ್ಲಿ. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ೧೯೧೮ರಲ್ಲಿ. ಒಂದೇ ವರ್ಷದ ಅಂತರದ ಈ ಎರಡು ವಿದ್ಯಾಕೇಂದ್ರಗಳ ನಡುವೆ ಭಾಷೆಯ ಗೋಡೆಯೊಂದಿದ್ದಿತು. ಉಸ್ಮಾನಿಯಾದ ಬೋಧನಭಾಷೆ ಉರ್ದು, ಧಾರವಾಡದ್ದು ಇಂಗ್ಲಿಷು. ನಿಜಾಮರ ರಾಜ್ಯದಲ್ಲಿ ಆರ್ಥಿಕ ಸಮೀಕ್ಷೆಗಳು ನಡೆದಿರಲಿಲ್ಲವೆಂದಲ್ಲ. ೧೯೨೯–೩೦ರಲ್ಲಿ ಎಸ್. ಕೇಶವ ಅಯ್ಯಂಗಾರರು ಆ ರಾಜ್ಯದ ಹಳ್ಳಿಗಳ ಆರ್ಥಿಕ ಸ್ಥಿತಿಯನ್ನು ವಿಚಾರಿಸಿ ಹಲವು ಸಂಪುಟಗಳಲ್ಲಿ ಪ್ರಕಟಿಸಿದರು. ಮಾರುಕಟ್ಟೆಯ ನಿಯಂತ್ರಣದಲ್ಲಂತೂ ಆ ರಾಜ್ಯವು ಮುಂಬಯಿಗಿಂತ ಮುಂದಿದ್ದಿತು: ಹೈದರಾಬಾದಿನ ಕೃಷಿ ಮಾರುಕಟ್ಟೆಗಳ ಕಾನೂನು ೧೯೩೦ರದು, ಮುಂಬಯಿಯದು ೧೯೩೯ರದು. ಆದರೆ ಸಮೀಕ್ಷೆಯು ಹಳ್ಳಿಯನ್ನು ಬಿಡಿಬಿಡಿಯಾಗಿ ನೋಡುವುದು, ಕಾನೂನು ದೊಡ್ಡ ಪೇಟೆಯ ದಲ್ಲಾಳಿಯನ್ನು ನೋಡುವುದು. ಇವೆರಡರ ನಡುವೆ ಹಳ್ಳಿಗೂ ಪೇಟೆಗೂ ಸೇತುವೆಯಂತಿರುವ ಸಂತೆಯನ್ನು ನೋಡುವ ಕಣ್ಣು ಭೂಗೋಳಜ್ಞನದು.

ದೇಶಪಾಂಡೆಯವರ ಮುಂದಿನ ಕಾರ್ಯವು ದೊಡ್ಡ ಪ್ರದೇಶಗಳ ಕಡೆಗೆ ಸಾಗಿತು. ೧೯೪೮ರಲ್ಲಿ ಧಾರವಾಡದ ಸ್ಟೂಡೆಂಟ್ಸ್ ಓನ್ ಬುಕ್ ಡಿಪೋದವರು ಅವರ ಪಶ್ಚಿಮ ಭಾರತದ ಪ್ರಾದೇಶಿಕ ಭೂಗೋಳವನ್ನು ಪ್ರಕಟಿಸಿದರು. ಧಾರವಾಡದಂತಹ ಊರಿನ ಪ್ರಕಾಶಕರು ಇಂತಹ ಶಾಸ್ತ್ರಗ್ರಂಥವನ್ನು ಇಂಗ್ಲಿಷಿನಲ್ಲಿ ಹೊರತಂದುದು ಆ ಕಾಲದ ವಿದ್ಯಾಸಾಹಸಗಳಲ್ಲಿ ಒಂದೆಂದೇ ಎಣಿಸಬೇಕು. ಅದೇ ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದೊಳಗೆ ಸೇರಿತು. ಗ್ರಂಥವು ಒಂದು ರಾಜಕೀಯ ನಕ್ಷೆಯ ಕೊನೆಯಲ್ಲಿ ನಿಂತಿದ್ದರೆ, ಹೊರಗೆ ಇನ್ನೊಂದು ನಕ್ಷೆಯು ಸಿದ್ಧವಾಗುತ್ತಿದ್ದಿತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಂಬಯಿ ಕರ್ನಾಟಕವೆಂಬ ಆಡಳಿತಘಟಕವೇ ಅಳಿದು, ಅದರ ಜಿಲ್ಲೆಗಳೂ ಬೀದರ, ಕಲಬುರಗಿ, ರಾಯಚೂರುಗಳೂ ಒಂದೇ ರಾಜ್ಯದೊಳಗೆ ಬಂದುವು. ದೇಶಪಾಂಡೆಯವರು ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಭೂಗೋಳದ ಪ್ರಾಧ್ಯಾಪಕರಾಗಿ ಕೆಲಸಮಾಡಿದರು. ೧೯೭೧ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿಗಾಗಿ ಮಹಾರಾಷ್ಟ್ರದ ಭೂಗೋಳವನ್ನು ಬರೆದರು. ಧಾರವಾಡದ ಸಂತೆಗಳಿಂದ ಹೊರಟ ವಿದ್ವಾಂಸರ ಕ್ಷೇತ್ರವು ಭಾಷಾವಾರು ರಾಜ್ಯಗಳ ಯುಗದಲ್ಲಿ ಎಲ್ಲೆಯ ಆ ಕಡೆಗೆ ಸರಿಯಿತು.

ಹೊಸ ರಾಜ್ಯವನ್ನು ಒಟ್ಟಾಗಿ ನಕ್ಷೆಗೆ ತರುವ ಕಾರ್ಯವು ಬೇರೆ ಕೈಗಳಿಂದ ನಡೆಯಿತು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪರವಾಗಿ ಬ್ರಿಟಿಷ್ ಭೂಗೋಳಜ್ಞ ಎ. ಟಿ. ಎ. ಲರ್ಮಂತರೂ ಎಲ್. ಎಸ್. ಭಟ್ಟರೂ ಸಂಪಾದಿಸಿದ ಮೈಸೂರು ರಾಜ್ಯದ ಸಂಪನ್ಮೂಲಗಳ ನಕ್ಷಾಸಂಪುಟವು ೧೯೬೧ರಲ್ಲಿ ಹೊರಬಂದಿತು. ಬೀದರದಿಂದ ಕೊಳ್ಳೇಗಾಲದವರೆಗಿನ ಮಣ್ಣು, ಮಳೆ, ಬೆಳೆ, ಜನಸಂಖ್ಯೆಗಳನ್ನು ಒಂದೇ ಅಳತೆಯಲ್ಲಿ ಅದು ತೋರಿಸಿತು. ೧೯೬೪ರಲ್ಲಿ ವಿ. ಎಲ್. ಎಸ್. ಪ್ರಕಾಶರಾಯರು ರಾಜ್ಯದ ಪಟ್ಟಣಗಳನ್ನು ಕುರಿತು ಗ್ರಂಥವನ್ನು ರಚಿಸಿದರು, ೧೯೭೩ರಲ್ಲಿ ಆರ್. ಪಿ. ಮಿಶ್ರರ ಮೈಸೂರು ರಾಜ್ಯದ ಭೂಗೋಳವು ಪ್ರಕಟವಾಯಿತು. ಮುಂದೆ ದೇಶಪಾಂಡೆಯವರೂ ಬಿ. ಅರುಣಾಚಲಮ್ ಮತ್ತು ಅದೇ ಎಲ್. ಎಸ್. ಭಟ್ಟರೂ ಕೂಡಿ, ಮುಂಬಯಿಯೆಂಬ ಮಹಾನಗರವು ದಕ್ಷಿಣ ಕೊಲಾಬದ ಹಳ್ಳಿಗಳ ಮೇಲೆ ಬೀರುವ ಪ್ರಭಾವವನ್ನು ಶೋಧಿಸಿ ೧೯೮೦ರಲ್ಲಿ ಗ್ರಂಥವನ್ನು ಹೊರತಂದರು. ೧೯೪೧ರ ಪ್ರಶ್ನೆಯೇ ಇಲ್ಲಿ ಹಿಗ್ಗಿದ ರೂಪದಲ್ಲಿ ಮರಳಿ ಬಂದುದನ್ನು ಗಮನಿಸಬೇಕು. ಸಂತೆಯ ಊರು ತನ್ನ ಸುತ್ತಣ ಹತ್ತು ಹಳ್ಳಿಗಳಿಗೆ ಏನು ಕೊಡುವುದು, ಏನನ್ನು ಕೊಳ್ಳುವುದು ಎಂಬುದು ಮೊದಲಿನ ಪ್ರಶ್ನೆ. ಮಹಾನಗರವು ತನ್ನ ನೆರೆಯ ನಾಡಿಗೆ ಏನು ಕೊಡುವುದು, ಅಲ್ಲಿಂದ ಏನನ್ನು ಸೆಳೆದುಕೊಳ್ಳುವುದು ಎಂಬುದು ಕೊನೆಯ ಪ್ರಶ್ನೆ. ೧೯೯೨ರಲ್ಲಿ ಭಾರತವನ್ನೇ ಪ್ರದೇಶಗಳ ಕೂಟವಾಗಿ ವಿವರಿಸುವ ಅವರ ಗ್ರಂಥವು ಪ್ರಕಟವಾಯಿತು. ಮೊದಲ ಲೇಖನಕ್ಕೂ ಈ ಗ್ರಂಥಕ್ಕೂ ಐವತ್ತೊಂದು ವರ್ಷಗಳ ಅಂತರ; ಆದರೆ ಪ್ರದೇಶವು ಸರಕಾರವು ಕೊಟ್ಟ ಹೆಸರಲ್ಲ, ನೆಲವೂ ಜನವೂ ಕೂಡಿ ನೇಯ್ದ ವಸ್ತುವೆಂಬ ನಂಬುಗೆಯು ಈ ಅರ್ಧ ಶತಮಾನವನ್ನು ಒಂದೇ ಸೂತ್ರದಲ್ಲಿ ಪೋಣಿಸಿರುವುದು.

ಈ ನಂಬುಗೆಯು ಕೇವಲ ವಿದ್ವಾಂಸರ ಗೋಷ್ಠಿಗೆ ಮೀಸಲಾದುದಲ್ಲವೆಂಬುದು ಬೀದರ ಜಿಲ್ಲೆಯ ಅನಂತರದ ಚರಿತ್ರೆಯಿಂದ ತಿಳಿದುಬರುವುದು. ೧೯೫೬ರ ವಿಂಗಡಣೆಯು ಬೀದರವನ್ನು ಕರ್ನಾಟಕದೊಡನೆ ಕೂಡಿಸಿದಂತೆಯೇ ಹಳೆಯ ಜಿಲ್ಲೆಯನ್ನು ಒಡೆಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಸೇರಿದುವು. ನಿರ್ಣಾದ ಸೀಮೆಯಿಂದ ಪೂರ್ವಕ್ಕೆ ನಡೆದರೆ ಎದುರಾಗುವ ಪೇಟೆಯು ಜಹೀರಾಬಾದು. ಅದು ೨೦೧೪ರಿಂದ ತೆಲಂಗಾಣ ರಾಜ್ಯದ ಊರು. ಭಾಷೆಯ ನ್ಯಾಯದಿಂದ ಎಳೆದ ಎಲ್ಲೆಯು ಸಂತೆಯ ನ್ಯಾಯಕ್ಕೆ ಹೊಂದಲೇಬೇಕೆಂಬ ನಿಯಮವಿಲ್ಲ. ಮೂರು ಭಾಷೆಗಳು ಕೂಡುವ ಇಂತಹ ನೆಲದಲ್ಲಿ ಕೊಳ್ಳುವವನು ಒಂದು ನುಡಿಯಲ್ಲಿ ಬೆಲೆ ಕೇಳಿದರೆ ಮಾರುವವನು ಇನ್ನೊಂದು ನುಡಿಯಲ್ಲಿ ಉತ್ತರ ಕೊಡುವನು, ವ್ಯಾಪಾರವು ನಿಲ್ಲುವುದಿಲ್ಲ. ಆದರೆ ರಸ್ತೆ, ಗೋದಾಮು, ಮಾರುಕಟ್ಟೆಯ ಸಮಿತಿ, ಸಾಲದ ಸಂಘ ಇವೆಲ್ಲವೂ ರಾಜ್ಯದ ಎಲ್ಲೆಯೊಳಗೇ ಯೋಜಿತವಾಗುವುವಾದುದರಿಂದ, ಎಲ್ಲೆಯ ಅಂಚಿನ ಊರು ಎರಡು ಕಡೆಗಳ ಯೋಜನೆಗೂ ಕೊನೆಯದಾಗಿ ಉಳಿಯುವ ಭಯವುಂಟು. ಬೀದರ–ಕಲಬುರಗಿ ರೈಲುಮಾರ್ಗವು ಹುಮನಾಬಾದನ್ನು ಹಾದು ಪೂರ್ಣವಾಗಿ ತೆರೆದುದು ೨೦೧೭ರಲ್ಲಿ, ಅಂದರೆ ಎರಡು ಜಿಲ್ಲೆಗಳೂ ಒಂದೇ ಕನ್ನಡ ರಾಜ್ಯಕ್ಕೆ ಸೇರಿದ ಅರುವತ್ತೊಂದು ವರ್ಷಗಳ ಅನಂತರ.

ಪ್ರಾದೇಶಿಕ ಅಸಮತೆಯನ್ನು ಪರಿಶೀಲಿಸಲು ರಚಿತವಾದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಮೂವತ್ತೈದು ಸೂಚಕಗಳಿಂದ ರಾಜ್ಯದ ಅಂದಿನ ೧೭೫ ತಾಲ್ಲೂಕುಗಳನ್ನು ತೂಗಿ ನೋಡಿ, ೧೧೪ ತಾಲ್ಲೂಕುಗಳು ಹಿಂದುಳಿದಿರುವುವೆಂದೂ ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದಿರುವುವೆಂದೂ ಸಮಿತಿಯು ನಿರ್ಣಯಿಸಿತು. ಹುಮನಾಬಾದು ಈ ಕೊನೆಯ ಪಂಕ್ತಿಯಲ್ಲಿ ನಿಂತಿತು. ರಾಜ್ಯದ ಒಳಗಿನ ಅನ್ಯಾಯವನ್ನು ಅಂಕೆಗಳಲ್ಲಿ ತೋರಿಸಿದ ಈ ವರದಿಯ ಉಪಕಾರವು ದೊಡ್ಡದು. ಸಂವಿಧಾನದ ೩೭೧ಜೆ ವಿಧಿಯ ಹಿಂದಿನ ವಾದಕ್ಕೆ ಅದರಿಂದ ಬಲವು ಬಂದಿತು. ಆದರೂ ಭೂಗೋಳಜ್ಞನ ದೃಷ್ಟಿಯಿಂದ ಒಂದು ಮಾತನ್ನು ಹೇಳಬೇಕು. ತಾಲ್ಲೂಕೂ ಕಂದಾಯದ ಎಲ್ಲೆಯೇ. ತಾಲ್ಲೂಕಿನ ಸರಾಸರಿಯು ಹೆದ್ದಾರಿಯ ಮೇಲಿನ ಪೇಟೆಯನ್ನೂ ಅದರಿಂದ ದೂರದ ಹಳ್ಳಿಯನ್ನೂ ಒಂದೇ ಅಂಕೆಯೊಳಗೆ ಮುಚ್ಚಿಬಿಡುವುದು. ಸಂತೆಯ ಆವರಣವನ್ನು ಅಳತೆಯ ಮಾನವನ್ನಾಗಿ ಹಿಡಿದರೆ, ಯಾವ ಹಳ್ಳಿಯು ಯಾವ ಊರಿನ ಮೇಲೆ ನೆಚ್ಚಿ ಬಾಳುವುದು, ಎಲ್ಲಿ ಒಂದು ಗೋದಾಮನ್ನೋ ಆಸ್ಪತ್ರೆಯನ್ನೋ ಕಟ್ಟಿದರೆ ಹೆಚ್ಚು ಕಾಲುಗಳಿಗೆ ದಾರಿ ಉಳಿಯುವುದು ಎಂಬುದು ಗೊತ್ತಾಗುವುದು. ಸಂತೆಯ ದಿನದಂದೇ ಪೇಟೆಗೆ ಬರುವ ಹೆಂಗಸು ಅದೇ ದಿನ ವೈದ್ಯನನ್ನೂ ಕಾಣುವಳು, ಮಗಳ ಸುದ್ದಿಯನ್ನೂ ಕೇಳುವಳು. ಆ ದಿನದ ನಡಿಗೆಯನ್ನು ಅಳೆಯದ ಯೋಜನೆಯು ಅವಳನ್ನು ಲೆಕ್ಕಕ್ಕೆ ಹಿಡಿದಂತಾಗದು.

ಪ್ರೊಫೆಸರ್ ದೇಶಪಾಂಡೆಯವರ ವಿದ್ವತ್ಕಾರ್ಯದ ಮಹತ್ತ್ವವನ್ನು ಈ ಹಿನ್ನೆಲೆಯಲ್ಲಿ ಎಣಿಸಬೇಕು. ಅವರು ಸಂತೆಯೆಂಬ ನಿತ್ಯಪರಿಚಿತ ವಸ್ತುವನ್ನು ವಿದ್ಯೆಯ ವಿಷಯವನ್ನಾಗಿ ಮಾಡಿದರು; ಲೋಕದ ಇತರ ಪಂಡಿತರು ಅದರ ಕಡೆಗೆ ತಿರುಗುವುದಕ್ಕೆ ಇಪ್ಪತ್ತು ವರ್ಷಗಳ ಮುಂಚೆಯೇ ಕನ್ನಡ ನೆಲದ ಸಂತೆಗಳನ್ನು ಅಭ್ಯಸಿಸಿದರು. ಅವರ ನಕ್ಷೆಯು ನಿಜಾಮರ ರಾಜ್ಯದ ಗಡಿಯಲ್ಲಿ ನಿಂತಿತು. ಆ ಗಡಿಯು ಅಳಿದು ಏಳು ದಶಕಗಳು ಸಂದಿವೆ. ಕಾವೇರಿಯಿಂದ ಗೋದಾವರಿಯ ನೀರಿನವರೆಗಿನ ಸಂತೆಗಳನ್ನು ವಾರ, ಸರಕು, ದಾರಿಗಳ ಸಮೇತವಾಗಿ ಒಂದೇ ನಕ್ಷೆಯಲ್ಲಿ ತರುವ ಕಾರ್ಯವು, ಶಾಸನಗಳಲ್ಲಿಯ ಸಂತೆಯ ಉಲ್ಲೇಖಗಳನ್ನೂ ಗಾದೆಗಳನ್ನೂ ಸ್ಥಳನಾಮಗಳನ್ನೂ ಅದರೊಡನೆ ಹೊಂದಿಸಿ ನೋಡುವ ಕಾರ್ಯವು, ಭೂಗೋಳಜ್ಞರಿಗೂ ಭಾಷಾವಿದ್ವಾಂಸರಿಗೂ ಸಮಾನವಾಗಿ ಸೇರಿದುದು. ಹಳ್ಳಿಯ ಸಂತೆಗೆ ಈಗ ಬಂಡಿಯ ಬದಲು ಟೆಂಪೊ ಬರುವುದು, ಸೇರಿನ ಬದಲು ಕಿಲೋ ಬಂದಿದೆ. ಅಳತೆಗೋಲು ಮಾರ್ಪಟ್ಟರೂ ನಡಿಗೆಯು ನಿಂತಿಲ್ಲ. ನಿರ್ಣಾದಂತಹ ಊರು ಆ ನಕ್ಷೆಯಲ್ಲಿ ಅಂಚಿನ ಚುಕ್ಕೆಯಾಗಿ ಉಳಿಯದೆ ತನ್ನ ಸಂತೆಯ ಚಕ್ರದೊಳಗಣ ಊರಾಗಿ ಕಾಣಿಸಿಕೊಂಡ ದಿನ, ೧೯೪೧ರಲ್ಲಿ ಆರಂಭವಾದ ವಿಚಾರವು ತನ್ನ ಸಹಜವಾದ ಎಲ್ಲೆಯನ್ನು ಮುಟ್ಟಿದಂತಾಗುವುದು.